ಎಡಗಡೆಯ ಬಾಣ

ಅಕ್ಕನ ಬೋಳಿಸಿದ ತಲೆಯ ಎಡಗಡೆಗೆ ಸರ್ಜನ್ ನೇರಳೆ ಬಣ್ಣದ ಬಾಣ ಎಳೆದು ಹೋಗಿದ್ದ. ನೋಡಿ ನನ್ನ ರಕ್ತ ಕುದಿಯಿತು. ಕೆಟ್ಟಿದ್ದು ಅವಳ ಬಲಗೈ. ಹೊಲಿಗೆಯವಳು, ಸೂಜಿಗೆ ದಾರ ಪೋಣಿಸಲಾಗದೆ ಕೂತಿದ್ದಳು.

ಮೊದಲಿನಿಂದಲೂ ಈ ಆಸ್ಪತ್ರೆಯವರ ಮಾತು ನನಗೆ ಹಿಡಿಸಿರಲಿಲ್ಲ. ಮೆದುಳಿನ ಗೆಡ್ಡೆ ಕ್ಯಾನ್ಸರ್ ಅಲ್ಲವಂತೆ, ಎಲ್ಲೋ ಒಬ್ಬರಿಗೆ ಬರುವ ಸಾಧು ಜಾತಿಯಂತೆ. ಸಾಧುವಾದರೆ ಬುರುಡೆ ಯಾಕೆ ಕೊಯ್ಯಬೇಕು?

"ಸಾಧುವೇ, ಆದ್ರೆ ಜಾಗ ಒತ್ತುವರಿ ಮಾಡ್ತಿದೆ. ಬಿಟ್ರೆ ಕೈ ಹೋಗುತ್ತೆ," ಎಂದು ಸರ್ಜನ್ ನಕ್ಕಿದ್ದ. ನಗುವ ಡಾಕ್ಟರನ್ನು ನಾನು ನಂಬುವುದಿಲ್ಲ. ಹಿಂದೊಬ್ಬ ನಗುನಗುತ್ತಲೇ ಚಿಕ್ಕಪ್ಪನ ಹುಳುಕು ಹಲ್ಲು ಬಿಟ್ಟು ಪಕ್ಕದ ಗಟ್ಟಿ ಹಲ್ಲು ಕಿತ್ತಿದ್ದ.

ನಾನು ತಗಡು ಕತ್ತರಿಸುವವನು. ಗುರುತು ತಪ್ಪಿದರೆ ತಗಡು ಗುಜರಿಗೆ. ಇದು ತಗಡಲ್ಲ, ಅಕ್ಕ.

ಅವಳಿಗೆ ಜೋಂಪು ಹತ್ತಿತ್ತು. ತಟ್ಟೆಯಲ್ಲಿದ್ದ ಸ್ಪಿರಿಟ್ ಹತ್ತಿಯಿಂದ ಬಾಣ ಉಜ್ಜಿ ತೆಗೆದೆ. ಜೇಬಿನ ಮಾರ್ಕರಿನಿಂದ ಬಲಗಡೆಗೆ ದಪ್ಪ ಬಾಣ ಎಳೆದೆ, ಕುರುಡನಿಗೂ ಕಾಣುವಂತೆ.

ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸ್ ಗಾಡಿ ನಿಲ್ಲಿಸಿದಳು. "ಯಾವ ಕಡೆ ಅಂತ ನೀವೇ ಹೇಳ್ಬೇಕು." ಒಳಗೆ ಬಿಡುವ ಮುನ್ನ ಎಲ್ಲ ರೋಗಿಗಳನ್ನೂ ಕೇಳುತ್ತಾರಂತೆ.

"ಎಡಗಡೆ," ಎಂದಳು ಅಕ್ಕ.

ನರ್ಸ್ ಬಗ್ಗಿ ನೋಡಿ ಬಿಳಿಚಿಕೊಂಡಳು. ಸರ್ಜನ್ ಹೊರಬಂದ. ಈಗ ನಗು ಇರಲಿಲ್ಲ.

"ಯಾರ ಕೆಲಸ ಇದು?"

"ನಂದೇ! ಕೆಟ್ಟಿರೋದು ಬಲಗೈ ಕಣ್ರೀ. ಎಡಕ್ಕೆ ಕತ್ತಿ ಹಾಕೋಕೆ ಏನು ದಾಡಿ ನಿಮಗೆ?"

"ಬಲಗೈ ಆಡಿಸೋದು ಎಡ ಮೆದುಳು. ಗೆಡ್ಡೆ ಅಲ್ಲೇ ಇದೆ."

"ಚೆನ್ನಾಗಿ ಕಟ್ಟಿದ್ದೀರಿ ಕತೆ."

"ಲೋ ಮುಠ್ಠಾಳ," ಎಂದಳು ಅಕ್ಕ ಮಲಗಿದಲ್ಲಿಂದಲೇ. "ಸ್ಕ್ಯಾನ್ ಇಟ್ಕೊಂಡು ನನಗೆ ನಿನ್ನೆನೇ ಬಿಡಿಸಿ ಹೇಳಿದ್ರು. ನೀನು ಗೇಟಲ್ಲಿ ವಾಚ್‌ಮನ್ ಜೊತೆ ಗುದ್ದಾಡ್ತಿದ್ದೆ. ಈಗ ನಾನೂ ನಿದ್ದೆಗಣ್ಣಲ್ಲಿ ಬಲ ಅಂದಿದ್ರೆ?"

ಮಾರ್ಕರಿದ್ದ ಜೇಬನ್ನು ಕೈಯಿಂದ ಮುಚ್ಚಿಕೊಂಡೆ.

"ಆ ಗುರುತು ಹೋಗದೆ ನಾನು ಕೈ ಹಚ್ಚಲ್ಲ," ಎಂದ ಸರ್ಜನ್.

ತಗಡಿನ ಮಾರ್ಕರು, ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಸ್ಪಿರಿಟ್ ಸುರಿದು ಉಜ್ಜಿದೆ. ಅವಳ ನೆತ್ತಿ ಕೆಂಪಾಯಿತು. ತುಟಿ ಕಚ್ಚಿಕೊಂಡಳೇ ಹೊರತು ಹಾ ಅನ್ನಲಿಲ್ಲ. ಕಲೆ ಪೂರ್ತಿ ಹೋದ ಮೇಲೆ ಸರ್ಜನ್ ಸ್ಕ್ಯಾನ್ ಮತ್ತೊಮ್ಮೆ ನೋಡಿ ಎಡಗಡೆಗೆ ಹೊಸ ಬಾಣ ಎಳೆದ. ಅವನ ಕೈ ನಡುಗುತ್ತದೆಯೇ ಎಂದು ನಾನು ರೆಪ್ಪೆ ಬಡಿಯದೆ ನೋಡಿದೆ. ನಡುಗಲಿಲ್ಲ. ಆದರೂ ನಂಬಿದೆನೆಂದು ಹೇಳಲಾರೆ.

ಗಾಡಿ ಉರುಳಿತು. "ಕೈ ಸರಿಹೋಗ್ಲಿ, ಮೊದಲ ಏಟು ನಿನ್ನ ಕಪಾಳಕ್ಕೇ," ಎಂದಳು ಅಕ್ಕ.

ಬಾಗಿಲು ಮುಚ್ಚಿತು. ಹೊಡೆಯಲಿ, ಎಷ್ಟಾದರೂ ಹೊಡೆಯಲಿ. ಬಲಗೈಯಲ್ಲೇ ಹೊಡೆಯಲಿ.