ಬಟರಿಗೆ ಹೆಸರು ಬಂದದ್ದು

ಗುರುವಾರದ ಕ್ವಿಜ್ ನಡೆಯುವ ಆ ಪಬ್ಬಿನಲ್ಲಿ ಕಾನೂನು ಒಂದೇ: ಪ್ರಶ್ನೆ ಕೇಳುವವನು ಹೇಳಿದ್ದೇ ಕೊನೆ. ತಪ್ಪು ಹೇಳಿದರೂ ಅದೇ ಸರಿ.

ಆ ಚಳಿಗಾಲ ಪ್ರಶ್ನೆ ಕೇಳುತ್ತಿದ್ದವನು ಡೆಸ್ಮಂಡ್. ಕಿಟಕಿ ಪಕ್ಕದ ಮೇಜಿನಲ್ಲಿ ಅವನ ಹೆಂಡತಿ ಮ್ಯೂರಿಯಲ್. ಪಾರ್ಶ್ವವಾಯು ಬಡಿದ ಮೇಲೆ ಅವಳ ಮಾತುಗಳು ಚದುರಿಹೋಗಿದ್ದವು. ಬ್ರೆಡ್ಡಿಗೆ ಇಟ್ಟಿಗೆ ಎನ್ನುತ್ತಿದ್ದಳು, ಚಮಚಕ್ಕೆ ಬಾಗಿಲು. ಈಚೆಗೆ ಒಂದೊಂದೇ ಮರಳುತ್ತಿದ್ದವು. ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಓದುವ ಕೆಲಸಕ್ಕೆ ಸೋಮವಾರ ಮತ್ತೆ ಬಾ ಎಂದು ಕರೆದಿದ್ದರು.

"ಇವತ್ತು ನಾಲ್ಕು ಜನರ ಮುಂದೆ ಒಂದು ಉತ್ತರ ಸರಿ ಹೇಳಿದ್ರೆ ಹೋಗ್ತೀನಿ," ಎಂದು ಗಂಡನಿಗೆ ಹೇಳಿದ್ದಳು. "ಇಲ್ದಿದ್ರೆ ಇಲ್ಲ."

ಕೈಯೆತ್ತಿ ಉತ್ತರಿಸುವ ಸುತ್ತು. ಡೆಸ್ಮಂಡ್ ಕೇಳಿದ: "ಹಳೇ ದೊಡ್ಡ ಮನೆಗಳಲ್ಲಿ ಬಟರಿ ಅಂತ ಒಂದು ಕೋಣೆ ಇರ್ತಿತ್ತು. ಆ ಹೆಸರು ಯಾವುದರಿಂದ ಬಂತು?"

ಮ್ಯೂರಿಯಲ್ ಕೈಯೆತ್ತಿದಳು. "ಪೀ... ಪೀಪಾಯಿ. ಬಿಯರ್ ಪೀಪಾಯಿ."

"ತಪ್ಪು! ಬಟರ್, ಬೆಣ್ಣೆ. ಹೆಸರಲ್ಲೇ ಇದೆಯಲ್ಲ!"

ಪಬ್ಬು ನಕ್ಕಿತು. "ಪಾಪ, ಅವಳಿಗೆ ಬಾಯಾರಿದೆ ಕಣ್ರಯ್ಯಾ," ಎಂದ ಪಬ್ಬಿನ ಯಜಮಾನ ಬರ್ನಿ. "ಒಂದು ಪೀಪಾಯಿ ಉರುಳಿಸ್ಲಾ, ಮ್ಯೂರಿಯಲ್?"

ಅವಳೂ ನಕ್ಕಳು. ಆಮೇಲೆ ಕೈಯೆತ್ತಲಿಲ್ಲ.

ವಿರಾಮದಲ್ಲಿ ಡೆಸ್ಮಂಡ್ ಹಿತ್ತಲಿಗೆ ಹೋಗಿ ಮೊಬೈಲ್ ತೆಗೆದ. ಬಟರಿ: ಪೀಪಾಯಿಗಳನ್ನಿಡುವ ಕೋಣೆ, ಹೆಸರು ಬಂದದ್ದೂ 'ಬಟ್', ಅಂದರೆ ಪೀಪಾಯಿ, ಎಂಬ ಹಳೆಯ ಮಾತಿನಿಂದಲೇ. ಬೆಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಆ ಚಳಿಯಲ್ಲೂ ಅವನ ಕಿವಿ ಬಿಸಿಯಾಯಿತು. ನಿಘಂಟು ನೋಡದೆ ಪ್ರಶ್ನೆ ಬರೆದದ್ದು ಹಾಗಿರಲಿ. ಅವಳು ಬಾಯಿ ತೆರೆಯುವ ಮೊದಲೇ ಅವನು 'ತಪ್ಪು' ಎನ್ನಲು ತಯಾರಾಗಿದ್ದ.

ಒಳಗೆ ಬಂದು ಮೈಕ್ ಹಿಡಿದ. "ತಪ್ಪು ನಂದು. ಉತ್ತರ ಪೀಪಾಯಿನೇ. ಮ್ಯೂರಿಯಲ್ ಹೇಳಿದ್ದೇ ಸರಿ."

"ಓಹೋ!" ಮೂಲೆಯಿಂದ ಯಾರೋ ಕೂಗಿದರು. "ರಾತ್ರಿ ಹೆಂಡ್ತಿ ಸೋಫಾಗೆ ಅಟ್ತಾಳೆ ಅಂತ ಹೆದರ್ಕೊಂಡ!"

"ಕ್ವಿಜ್‌ನವನು ಹೇಳಿದ್ದೇ ಕೊನೆ, ಡೆಸ್! ಬೆಣ್ಣೆ ಅಂದ್ರೆ ಬೆಣ್ಣೆನೇ!"

ಅವನು ಮೊಬೈಲ್ ಎತ್ತಿ ತೋರಿಸಿದ. ಯಾರೂ ನೋಡಲಿಲ್ಲ. ಅವಳ ಮೇಜಿಗೆ ಹೋಗಿ ಮುಂದೆ ಹಿಡಿದ. ಅವಳೂ ನೋಡಲಿಲ್ಲ.

"ನಂಗೋಸ್ಕರ ಸುಳ್ಳು ಹೇಳ್ಬೇಡ, ಡೆಸ್," ಎಂದಳು ಮೆಲ್ಲಗೆ, ಒಂದು ಮಾತೂ ತಡವರಿಸದೆ. "ಲೈಬ್ರರಿಗೆ ಫೋನ್ ಮಾಡಿ ಬರಲ್ಲ ಅಂತ ಹೇಳ್ಬಿಡು."

"ಸುಳ್ಳಲ್ಲ ಕಣೇ, ಇಲ್ಲಿ ನೋಡು..."

"ಕೋಟು ಕೊಡು."

ಅವನು ಕೋಟು ಹಿಡಿದ. ತೋಳಿಗೆ ಕೈ ತೂರಿಸುವಾಗ ಅವಳು ಅವನ ಮುಖ ನೋಡಲಿಲ್ಲ. ನೋಡದಿದ್ದುದೇ ಒಳ್ಳೆಯದಾಯಿತು ಎನ್ನಿಸಿತು ಅವನಿಗೆ. ಹಾಗನ್ನಿಸಿದ್ದಕ್ಕೂ ನಾಚಿಕೆಯಾಯಿತು.