ಬಲಗಿವಿಯ ಗಾಯಕಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಬಗ್ಗೆ ಎಲ್ಲರೂ ಕೇಳಿದ್ದೇವೆ. ಈ ಮನೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳು ಅವರನ್ನೂ ಮೀರಿಸಿದಳು. ಕುಲಾವಿ ಹೊಲಿದದ್ದಷ್ಟೇ ಅಲ್ಲ, ಆ ಹುಟ್ಟದ ಕೂಸನ್ನು ಸಾಕುವಾಗ ತಾನು ಮಾಡಿದ ತಪ್ಪುಗಳ ಬಗ್ಗೆ ಎರಡು ಪುಟ ಬರೆದು, ಅದನ್ನು ತಾನೇ ಓದಿಕೊಂಡು ಕಣ್ಣೀರನ್ನೂ ಹಾಕಿದಳು.

ಆದದ್ದು ಹೀಗೆ. ದೊಡ್ಡವಳು ವಿನ್ಯಾಸದ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಹದಿಹರೆಯದವರಿಗಾಗಿ ಎಂಟು ಪುಟದ ಒಂದು ಸಂಗೀತ ಪತ್ರಿಕೆ ಮಾಡಿ ತನ್ನಿ ಎಂದು ಮೇಡಂ ಹೇಳಿದ್ದರು. ಜೊತೆಗೆ ಎರಡು ಪುಟದ ಹಿನ್ನೋಟವೂ ಬೇಕು: ಏನು ಮಾಡಿದಿರಿ, ಎಲ್ಲಿ ಎಡವಿದಿರಿ, ಏನು ಕಲಿತಿರಿ. ಒಟ್ಟು ಅಂಕದಲ್ಲಿ ಪತ್ರಿಕೆಗೆ ಅರ್ಧ, ಹಿನ್ನೋಟಕ್ಕೆ ಅರ್ಧ. ಎರಡರಲ್ಲಿ ಯಾವುದೊಂದು ಮುಗ್ಗರಿಸಿದರೂ ಇಡೀ ವರ್ಷ ಕಿರಿಯರ ಜೊತೆ ಮತ್ತೆ ಕೂರಬೇಕು. ಕಂಪ್ಯೂಟರ್ ಲ್ಯಾಬಿನಲ್ಲಿ ಅವಳ ಸರದಿ ಬರುವುದು ಬುಧವಾರ. ಅಲ್ಲಿಯವರೆಗೆ ಕೈಕಟ್ಟಿ ಕೂರುವ ಜಾಯಮಾನ ಅವಳದಲ್ಲ. ಪತ್ರಿಕೆ ಆಮೇಲೆ ಮಾಡಿದರಾಯಿತು, ಮೊದಲು ಹಿನ್ನೋಟ ಮುಗಿಸಿಬಿಡೋಣ ಎಂದು ಭಾನುವಾರವೇ ಬರೆಯಲು ಕೂತಳು.

ಬರೆಯುವುದರಲ್ಲಿ ಅವಳ ಕೈ ಬಲು ಚುರುಕು. ಮೊದಲ ಮುಖಪುಟವನ್ನು ಮನೆಯಲ್ಲೇ ಕೈಯಲ್ಲಿ ಮಾಡಿದ್ದೆ, ಬಿಳಿ ಹಾಳೆಯ ಮೇಲೆ ಹಳದಿ ಅಕ್ಷರ ಹಾಕಿದ್ದೆ, ಹತ್ತು ಮಂದಿ ಹದಿಹರೆಯದವರಿಗೆ ತೋರಿಸಿದೆ, ಅವರು ಬಿದ್ದು ಬಿದ್ದು ನಕ್ಕರು, ಅವತ್ತೇ ನನ್ನ ಅಹಂಕಾರ ಇಳಿಯಿತು, ಇನ್ನೊಬ್ಬರ ಮಾತಿಗೆ ಕಿವಿಗೊಡುವುದನ್ನು ಕಲಿತೆ ಎಂದೆಲ್ಲ ಬರೆದಳು. ಮುಖಪುಟವೂ ಇರಲಿಲ್ಲ, ಹತ್ತು ಮಂದಿಯೂ ಇರಲಿಲ್ಲ. ಅಹಂಕಾರ ಮಾತ್ರ ಇತ್ತು, ಅದೂ ಇಳಿದಿರಲಿಲ್ಲ. ಬರೆದದ್ದು ತನಗೇ ಎಷ್ಟು ಹಿಡಿಸಿತೆಂದರೆ ಸೋಮವಾರ ಬೆಳಿಗ್ಗೆಯೇ ಕೊಂಡೊಯ್ದು ಮೇಡಂ ಕೈಗಿಟ್ಟಳು.

ಮೇಡಂ ಅಂದರೆ ಹೊಗಳಿಕೆಯಲ್ಲಿ ಮಹಾ ಜಿಪುಣಿ. ‘ಪರವಾಗಿಲ್ಲ’ ಎಂದರೆ ಸಾಕು, ತರಗತಿಯ ಹುಡುಗರು ಒಂದು ವಾರ ಎದೆಯುಬ್ಬಿಸಿ ತಿರುಗುತ್ತಿದ್ದರು. ಅಂಥವರು ಮಂಗಳವಾರ ಇಡೀ ತರಗತಿಗೆ ಈ ಹಿನ್ನೋಟವನ್ನು ಗಟ್ಟಿಯಾಗಿ ಓದಿ ಹೇಳಿದರು. ತನ್ನ ತಪ್ಪನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡವರನ್ನು ಇಪ್ಪತ್ತು ವರ್ಷದಲ್ಲಿ ನೋಡಿಲ್ಲ ಎಂದರು. ಶುಕ್ರವಾರದ ಪ್ರದರ್ಶನದಲ್ಲಿ ಆ ತಪ್ಪು ಮುಖಪುಟವನ್ನೂ ಸರಿಯಾದದ್ದನ್ನೂ ಅಕ್ಕಪಕ್ಕ ಹಾಕಬೇಕು, ಕೆಳಗೆ ಆ ಹತ್ತು ಮಂದಿ ಬರೆದುಕೊಟ್ಟ ಅಭಿಪ್ರಾಯದ ಹಾಳೆಗಳನ್ನೂ ಅಂಟಿಸಬೇಕು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡವಳು ಮಾತ್ರ ಇಲ್ಲದ ಆ ಹತ್ತು ಮಂದಿಯನ್ನು ಎಲ್ಲಿಂದ ತರುವುದೆಂದು ಲೆಕ್ಕ ಹಾಕತೊಡಗಿದಳು.

ಅವಳ ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವರು. ಸಂಜೆ ಮಗಳು ಬಾಗಿಲಿಗೆ ಒರಗಿ ನಿಂತು ನಡೆದದ್ದನ್ನೆಲ್ಲ ಒಪ್ಪಿಸಿದಳು. ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ, ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದರು.

“ಅಳತೆ ತಗೊಳ್ದೆ ಬಟ್ಟೆ ಕತ್ತರಿಸಿದ್ದೀಯ. ಈಗ ಆ ಅಂಗಿಗೆ ಸರಿಹೋಗೋ ಮನುಷ್ಯರನ್ನ ಹುಡುಕ್ತಾ ಇದ್ದೀಯ. ಸುಮ್ನೆ ಹೋಗಿ ಮೇಡಂ ಹತ್ರ ನಿಜ ಹೇಳು.”

ಹೇಳುತ್ತೇನೆ ಎಂದಳು. ಹೇಳಲಿಲ್ಲ. ಇಪ್ಪತ್ತು ವರ್ಷದ ಮೊದಲ ಪ್ರಾಮಾಣಿಕ ಹುಡುಗಿ ಎನಿಸಿಕೊಂಡವಳು ಮಾರನೇ ದಿನವೇ ಹೋಗಿ ನಾನು ಸುಳ್ಳಿ ಅನ್ನುವುದಕ್ಕೆ ಗುಂಡಿಗೆ ಬೇಕಲ್ಲ.

ಬುಧವಾರ ಲ್ಯಾಬಿನಲ್ಲಿ ಕೂತು ಪತ್ರಿಕೆ ಮುಗಿಸಿದಳು. ಕಣ್ಣಿಗೆ ಕೂದಲು ಬಿದ್ದ ನಾಲ್ವರು ಹುಡುಗರ ಬ್ಯಾಂಡ್ ಒಂದನ್ನು ಕಲ್ಪಿಸಿಕೊಂಡು, ಅವರ ಚಿತ್ರ ಬರೆದು, ಅವರೊಡನೆ ಒಂದು ಸಂದರ್ಶನವನ್ನೂ ಕಲ್ಪಿಸಿ ನಡುಪುಟಕ್ಕೆ ಹಾಕಿದಳು. ಆಮೇಲೆ ಅಚ್ಚಾದ ಪತ್ರಿಕೆಯೊಂದಿಗೆ ಮನೆಗೆ ಬಂದು ಕೆಟ್ಟ ಮುಖಪುಟ ಮಾಡಲು ಶುರುಮಾಡಿದಳು. ಬೇಕೆಂದೇ ಕೆಟ್ಟದ್ದನ್ನು ಮಾಡುವುದು ಎಷ್ಟು ಕಷ್ಟ ಅಂತೀರಾ. ಮೂರು ವರ್ಷ ಕಲಿತ ಕೈ, ಸೊಟ್ಟ ಎಳೆದ ಗೆರೆಯನ್ನು ತಾನೇ ನೇರ ಮಾಡುತ್ತಿತ್ತು. ಮೊದಲ ಮೂರು ಸಲ ಚೆನ್ನಾಗಿಯೇ ಬಂದು ಹಾಳಾಯಿತು. ನಾಲ್ಕನೆಯದನ್ನು ಕಣ್ಣು ಮುಚ್ಚಿಕೊಂಡು ಮಾಡಿದಳು. ಅದು ಅವಳ ಆಸೆಯಂತೆ ದರಿದ್ರವಾಗಿತ್ತು.

ಉಳಿದದ್ದು ಹತ್ತು ಅಭಿಪ್ರಾಯದ ಹಾಳೆ. ಗುರುವಾರ ಸಂಜೆ ಮಲಗುವ ಕೋಣೆಯಲ್ಲಿ ಕೂತು ಬಲಗೈಯಲ್ಲಿ ಎರಡು ಬರೆದಳು, ಎಡಗೈಯಲ್ಲಿ ಎರಡು, ಪೆನ್ನನ್ನು ಸೌಟಿನ ಹಾಗೆ ಮುಷ್ಟಿಯಲ್ಲಿ ಹಿಡಿದು ಮೂರು. ಏಳನ್ನೂ ಸಾಲಾಗಿ ಇಟ್ಟು ನೋಡಿದರೆ, ಏಳೂ ಒಂದೇ ತಾಯಿಯ ಮಕ್ಕಳು. ಇನ್ನು ಮೂರಕ್ಕಾದರೂ ಬೇರೆ ಕೈ ಬೇಕು ಎಂದು ತಲೆಯೆತ್ತಿದಾಗ ಎದುರಿನ ಮಂಚದ ಮೇಲೆ ಚಿಕ್ಕವಳು ಕಂಡಳು.

ಚಿಕ್ಕವಳು ಎಂದರೆ ಅವಳ ತಂಗಿ. ವಯಸ್ಸು ಹದಿನಾಲ್ಕು. ಶಾಲೆಯಿಂದ ಬಂದ ಗಳಿಗೆಯಿಂದ ಮಲಗುವವರೆಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬೆರಳಲ್ಲಿ ಮಂಡಿ ಬಡಿಯುತ್ತ ಗೋಡೆ ನೋಡುವವಳು. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂಬ ಗಾದೆಯಿದೆ. ಅಲೆದವರೇ ವಾಸಿ. ದೊಡ್ಡವಳು ಬೆಣ್ಣೆಯನ್ನು ಕರೆದು, ಸ್ವಲ್ಪ ಹೊತ್ತು ಸುಣ್ಣದ ಹಾಗೆ ನಟಿಸು ಎಂದಳು. ಅಂದರೆ ತಂಗಿಯ ಕೈಗೆ ಪೆನ್ನು ಕೊಟ್ಟು, ನಾನು ಹೇಳಿದ ಹಾಗೆ ಬರಿ ಎಂದಳು.

ಚಿಕ್ಕವಳು ಬರೆಯತೊಡಗಿದಳು. ‘ನನಗೆ ಹದಿನಾರು ವರ್ಷ. ಬ್ಯಾಂಡಿನವರ ಕೇಶಶೈಲಿ ನನಗೆ ಬಹಳ ಇಷ್ಟವಾಯಿತು.’ ‘ನನಗೆ ಹದಿನೇಳು. ಹಳದಿ ಅಕ್ಷರ ಓದಲು ಆಗುವುದಿಲ್ಲ.’ ಮೂರನೆಯ ಹಾಳೆಯ ನಡುವೆ ಪೆನ್ನು ಕೆಳಗಿಟ್ಟಳು.

“ಅಕ್ಕಾ, ನಂಗೆಷ್ಟು ವಯಸ್ಸು?”

“ಹದಿನಾಲ್ಕು. ಯಾಕೆ?”

“ಹತ್ತು ಜನರನ್ನ ಕೇಳ್ದೆ ಅಂತ ಬರ್ದಿದ್ದೀಯ. ನಾನು ಇದೇ ಕೋಣೇಲಿ ಇದ್ದೀನಿ. ನನ್ನನ್ನ ಕೇಳ್ಲೇ ಇಲ್ಲ.”

ಅದು ನಿನಗೆ ಹೇಗೆ ಗೊತ್ತು, ಕಿವಿಗೆ ಯಾವಾಗಲೂ ಅದನ್ನೇ ಸಿಕ್ಕಿಸಿಕೊಂಡಿರುತ್ತೀಯಲ್ಲ ಎಂದು ದೊಡ್ಡವಳು ದಬಾಯಿಸಿದಳು. ಚಿಕ್ಕವಳು ಬಲಗಿವಿಯದನ್ನು ಕಿತ್ತು ತೋರಿಸಿದಳು. ಅದು ಕೆಟ್ಟು ಆರು ತಿಂಗಳಾಗಿತ್ತು. ಹಾಡೆಲ್ಲ ಎಡಗಿವಿಯಲ್ಲಿ, ಬಲಗಿವಿಯಲ್ಲಿ ಮನೆಯವರ ಮಾತು. ಅಮ್ಮನ ಹತ್ತಿರ ಅಕ್ಕ ಒಪ್ಪಿಸಿದ್ದೂ ಕೇಳಿಸಿತ್ತು. ಹೋದ ತಿಂಗಳು ಅಕ್ಕ ಗೆಳತಿಗೆ ಫೋನಿನಲ್ಲಿ, ನಮ್ಮನೆಯಲ್ಲೊಂದು ಗೂಬೆಯಿದೆ, ಅದಕ್ಕೆ ಸಂಗೀತದ ಗಂಧಗಾಳಿ ಇಲ್ಲ, ಸುಮ್ಮನೆ ಕಿವಿಗೆ ಬಿರಡೆ ಹಾಕಿಕೊಂಡು ಕೂತಿರುತ್ತದೆ ಎಂದದ್ದೂ ಕೇಳಿಸಿತ್ತು.

ದೊಡ್ಡವಳಿಗೆ ನಾಚಿಕೆಯಾಯಿತು. ಮೇಡಂ ಮುಂದೆ ಆಗಬಹುದೆಂದು ಹೆದರಿದ್ದ ನಾಚಿಕೆಯಲ್ಲ, ಅದಕ್ಕಿಂತ ದೊಡ್ಡದು. ಆಮೇಲೆ ಎದ್ದು ಹೋಗಿ ತಂಗಿಯ ಮಂಚದ ಮೇಲೆ, ಅವಳ ಪಕ್ಕದಲ್ಲಿ ಕೂತಳು. ಎರಡು ಮಂಚದ ನಡುವೆ ಮೂರು ಹೆಜ್ಜೆ. ಆ ಮೂರು ಹೆಜ್ಜೆ ಇಡದೆ ಎಷ್ಟು ದಿನವಾಗಿತ್ತೋ ಇಬ್ಬರಿಗೂ ನೆನಪಿರಲಿಲ್ಲ.

“ಏನು ಕೇಳ್ತಾ ಇರ್ತೀಯ?” ಎಂದಳು.

ನಾಲ್ಕು ತಿಂಗಳಿಂದ ಒಂದೇ ಹಾಡಂತೆ. ಚಿಕ್ಕವಳು ಎಡಗಿವಿಯದನ್ನು ಅಕ್ಕನ ಕಿವಿಗೆ ಇಟ್ಟಳು. ಹುಡುಗಿಯೊಬ್ಬಳು ಹಾಡುತ್ತಿದ್ದಳು: ಇಲ್ಲಿ ಮಳೆ ನಿಂತಿತು, ಅಲ್ಲಿ ಏನಾಯಿತು? ಅಷ್ಟು ಕೇಳಿ ಸುಮ್ಮನಾಗುತ್ತಿದ್ದಳು. ತುಂಬ ಹೊತ್ತು ಬರೀ ತಾಳ. ಮತ್ತೆ ಅದೇ ಪ್ರಶ್ನೆ, ಮತ್ತೆ ತಾಳ. ಚಿಕ್ಕವಳಿಗೆ ಆ ಖಾಲಿ ಜಾಗವೇ ಇಷ್ಟ. ಪಾಪ, ಅವಳು ಕೇಳುತ್ತಾಳೆ, ಯಾರೂ ಉತ್ತರ ಕೊಡುವುದಿಲ್ಲ, ಅದಕ್ಕೆ ದಿನಾ ನಾನೇ ಮನಸ್ಸಿನಲ್ಲಿ ಕೊಡುತ್ತೇನೆ ಎಂದಳು. ಇಲ್ಲಿ ಗಣಿತದ ಪರೀಕ್ಷೆಯಾಯಿತು. ಇಲ್ಲಿ ಹಲ್ಲುನೋವು ಬಂತು. ಇಲ್ಲಿ ಅಮ್ಮನ ಕತ್ತರಿ ಕಳೆದುಹೋಯಿತು, ನನ್ನ ಮೇಲೆ ಗುಮಾನಿ.

ದೊಡ್ಡವಳು ತನ್ನ ಚೀಲದಿಂದ ಸರಿಯಿದ್ದ ಇಯರ್‌ಫೋನ್ ತೆಗೆದು ತಂಗಿಯ ಎರಡೂ ಕಿವಿಗೆ ಸಿಕ್ಕಿಸಿ, ಹಾಡನ್ನು ಮೊದಲಿನಿಂದ ಹಾಕಿದಳು. ಚಿಕ್ಕವಳ ಬೆರಳು ಮಂಡಿ ಬಡಿಯಲು ಶುರುಮಾಡಿ, ತಟ್ಟನೆ ನಿಂತಿತು. ಕಣ್ಣು ಇಷ್ಟಗಲವಾಯಿತು. ಖಾಲಿ ಜಾಗದಲ್ಲಿ ಇನ್ನೊಬ್ಬಳು ಹಾಡುತ್ತಿದ್ದಳು. ಈ ನಾಲ್ಕು ತಿಂಗಳೂ ಅವಳು ಬಲಗಿವಿಯಲ್ಲೇ ಇದ್ದಳು.

“ಅಕ್ಕಾ, ಇವಳಿಗೆ ಯಾರೋ ಉತ್ತರ ಕೊಡ್ತಾ ಇದ್ದಾರೆ,” ಎಂದಳು. ಕಣ್ಣಲ್ಲಿ ನೀರು ಬಂದಿತ್ತು. ಮರುಕ್ಷಣವೇ ಮೂಗು ಮುರಿದಳು. “ಆದ್ರೆ ಇವಳ್ಯಾಕೆ ಮಧ್ಯೆ ಬಾಯಿ ಹಾಕ್ತಾಳೆ? ನನ್ನ ಉತ್ತರಾನೇ ಚೆನ್ನಾಗಿತ್ತು.”

ದೊಡ್ಡವಳಿಗೆ ನಗು ತಡೆಯಲಾಗಲಿಲ್ಲ. ಹತ್ತು ಹಾಳೆಗಳನ್ನೂ ಆ ದರಿದ್ರ ಮುಖಪುಟವನ್ನೂ ಒಟ್ಟಿಗೆ ಹರಿದು ಬುಟ್ಟಿಗೆ ಹಾಕಿದಳು. ಕೂದಲಿನ ಹುಡುಗರ ನಡುಪುಟವನ್ನು ಕಿತ್ತಳು. ಇಬ್ಬರೂ ಅಮ್ಮನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹೊಸ ಹಾಳೆ ಹಾಸಿ ಕೂತರು. ಎಡಪುಟದಲ್ಲಿ ದೊಡ್ಡವಳು ಹಾಡಿನ ಪ್ರಶ್ನೆ ಬರೆದಳು, ಬಲಪುಟದಲ್ಲಿ ಹತ್ತು ಖಾಲಿ ಗೆರೆ ಎಳೆದಳು. ಅಮ್ಮ ಊಟಕ್ಕೆ ಕರೆಯುವಷ್ಟರಲ್ಲಿ ಚಿಕ್ಕವಳು ಒಂಬತ್ತು ಗೆರೆ ತುಂಬಿಸಿದಳು. ‘ಇಲ್ಲಿ ಅಕ್ಕ ನನ್ನನ್ನು ಗೂಬೆ ಅಂದಳು’ ಎಂಬುದನ್ನೂ ಬಿಡಲಿಲ್ಲ. ಹತ್ತನೆಯದನ್ನು ಬೆಳಿಗ್ಗೆ ಬರೆಯುತ್ತೇನೆ ಎಂದಳು. ಬೆಳಿಗ್ಗೆ ದೊಡ್ಡವಳು ಹೊಸ ಹಿನ್ನೋಟ ಬರೆಯುವ ಗಡಿಬಿಡಿಯಲ್ಲಿದ್ದಾಗ ಚಿಕ್ಕವಳು ಅದನ್ನು ಬರೆದು, ಪತ್ರಿಕೆ ಮುಚ್ಚಿಟ್ಟು ಶಾಲೆಗೆ ಹೊರಟುಹೋಗಿದ್ದಳು.

ಪ್ರದರ್ಶನಕ್ಕೆ ಅರ್ಧ ಗಂಟೆ ಇರುವಾಗ ದೊಡ್ಡವಳು ಮೇಡಂ ಕೋಣೆಗೆ ಹೋದಳು. ಹೊಸ ಹಿನ್ನೋಟವನ್ನು ಮೇಜಿನ ಮೇಲಿಟ್ಟಳು. ಅದರಲ್ಲಿದ್ದದ್ದು ಕಾಲು ಪುಟ. ನಾನು ಹತ್ತು ಮಂದಿಯನ್ನು ಕೇಳಿರಲಿಲ್ಲ. ಮೊದಲ ಹಿನ್ನೋಟವನ್ನು ಪತ್ರಿಕೆಗಿಂತ ಮೊದಲೇ ಬರೆದಿದ್ದೆ. ಕೊನೆಗೆ ಒಬ್ಬಳನ್ನು ಕೇಳಿದೆ, ಅದೂ ಅವಳೇ ನನ್ನನ್ನು ತರಾಟೆಗೆ ತೆಗೆದುಕೊಂಡ ಮೇಲೆ. ಮುಖಪುಟ ಸರಿಯಿದೆಯೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ.

ಮೇಡಂ ಎರಡು ಸಲ ಓದಿದರು. ಹಳೆಯ ಹಿನ್ನೋಟವನ್ನು ಹೊರತೆಗೆದು, ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು, ಇದಕ್ಕೆ ಸೊನ್ನೆ ಎಂದರು. ಹೊಸದಕ್ಕೆ ಪಾಸಾಗುವಷ್ಟು ಕೊಡುತ್ತೇನೆ, ಅದರ ಮೇಲೆ ಒಂದು ಅಂಕವೂ ಇಲ್ಲ ಎಂದರು. ಇಪ್ಪತ್ತು ವರ್ಷದ ಮಾತನ್ನು ಅವರು ಎತ್ತಲಿಲ್ಲ. ಆಮೇಲೆ ಪತ್ರಿಕೆಯ ನಡುಪುಟ ಬಿಡಿಸಿದರು. ಕತ್ತರಿಯ ಸಾಲಿಗೆ ಬಂದಾಗ ಅವರ ತುಟಿ ಅಲುಗಿತು. ಗೂಬೆಯ ಸಾಲಿನಲ್ಲಿ ನಕ್ಕೇಬಿಟ್ಟರು.

“ಹತ್ತೂ ಒಂದೇ ಕೈಬರಹ.”

“ಹೌದು ಮೇಡಂ. ಒಬ್ಬಳೇ. ನನ್ನ ತಂಗಿ.”

ಮೇಡಂ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು. ದೊಡ್ಡವಳು ಅದನ್ನು ಕೇಳಿದ್ದು ಅದೇ ಮೊದಲು. “‘ಇಲ್ಲಿ ಅಕ್ಕ ಬಂದು ನನ್ನ ಮಂಚದ ಮೇಲೆ ಕೂತಳು.’” ಕನ್ನಡಕದ ಮೇಲಿಂದ ಅವಳನ್ನು ನೋಡಿದರು. “ಇದು ನಡೆದದ್ದಾ? ಇಲ್ಲಾ ಇದನ್ನೂ ಮೊದಲೇ ಬರೆದಿಟ್ಟಿದ್ದಾ?”

ದೊಡ್ಡವಳು ಬಗ್ಗಿ ಆ ಸಾಲನ್ನು ತಾನೂ ಒಮ್ಮೆ ಓದಿಕೊಂಡಳು.

“ನಡೆದದ್ದು ಮೇಡಂ,” ಎಂದಳು. “ನಡೆದ ಮೇಲೆ ಬರೆದದ್ದು.”