ಕೊಲಂಬೋದ ಡಬ್ಬಿ

ನನ್ನ ಗಂಡ ಭೀಮಶಿಯನ್ನು ಮಣ್ಣು ಮಾಡಿದ ಹನ್ನೆರಡನೆಯ ದಿನ ನೆಂಟರೆಲ್ಲ ಹೊರಟುಹೋದರು. ಮರುದಿನ ಬೆಳಿಗ್ಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅತ್ತೆ ಸಣ್ಣವ್ವ ರೊಟ್ಟಿ ಬಡಿಯುತ್ತಿದ್ದರು. ನಾನು ನಳದ ನೀರು ಹಿಡಿದೆ, ಅಂಗಳ ಗುಡಿಸಿದೆ, ಅವನ ಫೋನನ್ನು ಚಾರ್ಜಿಗೆ ಹಾಕಿದೆ.

ಎಂಟು ಗಂಟೆಗೆ ಆ ಫೋನಿಗೆ ಕೊಲಂಬೋದಿಂದ ಒಂದು ವಾಯ್ಸ್ ಮೆಸೇಜ್ ಬಂತು. ಅಲ್ಲಿ ನಾವು ಇಳಿದುಕೊಳ್ಳುತ್ತಿದ್ದ ಮನೆಯ ಪುಷ್ಪಕ್ಕನದು. ಅರ್ಧ ತಮಿಳು, ಅರ್ಧ ಇಂಗ್ಲಿಷ್. "ತಂಬಿ, ನನ್ನ ಡಬ್ಬಿ ಚೆನ್ನಾಗಿದೆಯಾ? ಅಕ್ಟೋಬರಿಗೆ ಮೇಲಿನ ಕೋಣೆ ನಿಮಗೇ ಇಟ್ಟಿದ್ದೇನೆ." ಕೊನೆಗೆ ನಗು.

ನಾನು ಫೋನನ್ನು ಬೋರಲು ಇಟ್ಟು ಒಳಗೆ ಹೋದೆ.

ಭೀಮಶಿ ನವಲಗುಂದ ಡಿಪೋದಲ್ಲಿ ಕಂಡಕ್ಟರ್. ನಾನು ಅದೇ ಊರಿನ ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ಮದುವೆಯಾದ ಐದು ವರ್ಷಗಳಲ್ಲಿ ನಾಲ್ಕು ಸಲ ಕೊಲಂಬೋಗೆ ಹೋಗಿದ್ದೆವು, ಪ್ರತಿ ಸಲ ಮೂರು ದಿನಕ್ಕೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದು ರಾತ್ರಿ ಬೇಕು. ಬೆಂಗಳೂರಿನಿಂದ ಕೊಲಂಬೋಗೆ ಒಂದೂವರೆ ತಾಸು ಸಾಕು. ಹಾಗಾಗಿ ಅವನ ಲೆಕ್ಕದಲ್ಲಿ ಅದು ಬೆಂಗಳೂರಿನ ಬಾಜೂಕಿನ ಊರು. ಬೇರೆ ದೇಶಕ್ಕೆ ಹೋಗೋಣ ಎಂದರೆ ಒಪ್ಪುತ್ತಿರಲಿಲ್ಲ. "ಹಿಡದದ್ದು ಒಂದ ಊರು, ಅದನ್ನ ಪೂರಾ ನೋಡಿ ಮುಗಸೂಣು," ಎನ್ನುತ್ತಿದ್ದ.

ಅವನ ಬಸ್ಸಿನ ಡ್ರೈವರ್ ಫಕೀರೇಶ ಛೇಡಿಸುತ್ತಿದ್ದ. "ದಿನಾ ಬಸ್ಸಿನ್ಯಾಗ ಸಾಯ್ತೀಯಲ್ಲೋ. ರಜಾ ಹಾಕಿ ವಿಮಾನ ಹತ್ತಿ ಹೋಗಿ, ಅಲ್ಲೂ ಬಸ್ಸಿನ್ಯಾಗ ಅಡ್ಡಾಡತೀಯಂತ?"

"ಬ್ಯಾರೆಯವ್ರು ಟಿಕೆಟ್ ಕೊಡೂದನ್ನ ಕುಂತು ನೋಡೂ ಸುಖ ನಿನಗೇನ ತಿಳಿತೈತಲೇ!"

ನಿಜವೇ. ಅಲ್ಲಿ ಅವನು ಕಿಟಕಿಯಾಚೆಯ ಸಮುದ್ರ ನೋಡಿದ್ದು ಕಡಿಮೆ, ಕಂಡಕ್ಟರನನ್ನು ನೋಡಿದ್ದು ಹೆಚ್ಚು. ಒಮ್ಮೆ ಕಂಡಕ್ಟರ್ ಕೆಳಗಿಳಿದು ಮುದುಕಿಯೊಬ್ಬಳ ಚೀಲ ಎತ್ತಿಕೊಡುತ್ತಿದ್ದ. ಮುದುಕಿ ಹತ್ತಿದ್ದೇ ತಡ, ಇವನು ಅಭ್ಯಾಸಬಲದಿಂದ "ರೈಟ್!" ಎಂದುಬಿಟ್ಟ. ಬಸ್ಸು ಹೊರಟಿತು. ಕಂಡಕ್ಟರ್ ರಸ್ತೆಯಲ್ಲೇ ಉಳಿದ. "ಹೋಲ್ಡಾನ್, ಹೋಲ್ಡಾನ್!" ಎಂದು ಭೀಮಶಿಯೇ ಕೂಗಿ ನಿಲ್ಲಿಸಬೇಕಾಯಿತು. ಓಡಿಬಂದ ಕಂಡಕ್ಟರ್ ಬೈಯಲಿಲ್ಲ. ಇವನ ಮುಖ ನೋಡಿ ಕೈಕುಲುಕಿದ.

ನಾವು ಪ್ರತಿ ಸಲ ಇಳಿಯುತ್ತಿದ್ದದ್ದು ಕೊಲಂಬೋದ ವೆಲ್ಲವತ್ತೆಯಲ್ಲಿ, ಪುಷ್ಪಕ್ಕನ ಮನೆಯ ಮಹಡಿಯ ಕೋಣೆಯಲ್ಲಿ. ಭೀಮಶಿ ಕನ್ನಡದಲ್ಲಿ ಮಾತಾಡುತ್ತಿದ್ದ, ಅವರು ಅವನನ್ನು ತಂಬಿ, ಎಂದರೆ ತಮ್ಮ, ಎಂದು ಕರೆದು ತಮಿಳಿನಲ್ಲಿ. ತಮಗೆ ಬೇಕಾದದ್ದನ್ನು ಇಬ್ಬರೂ ಅರ್ಥ ಮಾಡಿಕೊಳ್ಳುತ್ತಿದ್ದರು. ಕಳೆದ ಜನವರಿಯಲ್ಲಿ ನಾವು ನಸುಕಿನ ವಿಮಾನಕ್ಕೆ ಹೊರಟಾಗ, ಹಸಿದು ಹೋಗಬಾರದೆಂದು ಅವರು ಸ್ಟೀಲ್ ಡಬ್ಬಿಯಲ್ಲಿ ಶಾವಿಗೆ, ಕೊಬ್ಬರಿ ಚಟ್ನಿ ಹಾಕಿ ಕೊಟ್ಟರು. ವಿಮಾನ ನಿಲ್ದಾಣದಲ್ಲಿ ತಿಂದು ಮುಗಿಸಿ ಡಬ್ಬಿಯನ್ನು ಆಟೋದವನ ಕೈಗೆ ಕೊಟ್ಟುಬಿಡಿ ಎಂದಿದ್ದರು. ಆಟೋದವ ಕಾದು ನಿಂತ. ಭೀಮಶಿ ಕೊಡಲಿಲ್ಲ.

"ಕೊಡ್ರಿ, ಅಂವ ಹೋಗಬೇಕು," ಎಂದೆ.

"ಖಾಲಿ ಡಬ್ಬಿ ಹೆಂಗ ಕೊಡೂದು? ನಮ್ಮವ್ವಗ ಗೊತ್ತಾದ್ರ ಮಾರಿ ಮ್ಯಾಲ ಉಗಳ್ತಾಳ."

ನಮ್ಮ ಕಡೆ ತುಂಬಿ ಬಂದ ಡಬ್ಬಿ ತುಂಬಿಯೇ ಹೋಗಬೇಕು. ಕಡೆಗೆ ನಾಲ್ಕು ಕಾಳು ಸಕ್ಕರೆಯಾದರೂ. ವಿಮಾನ ನಿಲ್ದಾಣದ ಬಾಗಿಲಲ್ಲಿ ಸಕ್ಕರೆ ಎಲ್ಲಿಂದ ತರುವುದು? ಡಬ್ಬಿ ಸಮುದ್ರ ದಾಟಿ ನವಲಗುಂದಕ್ಕೆ ಬಂತು. ಮುಂದಿನ ಸಲ ಶೇಂಗಾ ಹೋಳಿಗೆ ತುಂಬಿ ನನ್ನ ಕೈಯಾರೆ ಕೊಡುತ್ತೇನೆ ಎಂದು ಅವನು ಪುಷ್ಪಕ್ಕನಿಗೆ ಫೋನಿನಲ್ಲಿ ಮಾತು ಕೊಟ್ಟ. ಅಕ್ಟೋಬರಿಗೆ ಟಿಕೆಟ್ ಕೂಡ ಮಾಡಿಸಿದ.

ಜೂನಿನಲ್ಲಿ ಒಂದು ಮಧ್ಯಾಹ್ನ ಎದೆ ನೋಯುತ್ತದೆ ಎಂದ. ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟಲಿಲ್ಲ.

ಅವನು ಹೋದ ಮೇಲೆ ಡಬ್ಬಿಯನ್ನು ಅತ್ತೆಗೆ ಕಾಣದಂತೆ ನನ್ನ ಪುಸ್ತಕಗಳ ಹಿಂದೆ ಇಟ್ಟಿದ್ದೆ. ಸೆಪ್ಟೆಂಬರಿನಲ್ಲಿ ಧೂಳು ಹೊಡೆಯುವಾಗ ಅವರಿಗೆ ಸಿಕ್ಕಿತು.

"ಇದು ಆ ಊರಿನ ಅಕ್ಕಂದಲ್ಲ? ಇನ್ನೂ ಇಲ್ಲೇ ಐತಿ? ಮಂದಿ ಡಬ್ಬಿ ಇಟಗೊಂಡು ಹೋದ ಅನ್ನಿಸಿಕೋಬಾರದವಾ ನನ್ನ ಮಗ."

ಆ ಹೊತ್ತಿಗೆ ಫಕೀರೇಶನೂ ಬಂದಿದ್ದ. "ಕೊರಿಯರ್ ಮಾಡೂಣ್ರಿ ವೈನಿ. ಹುಬ್ಬಳ್ಳಿಯೊಳಗ ನಾ ಕೊಟ್ಟು ಬರ್ತೀನಿ."

"ಹೋಳಗಿ ಅಂದ್ರ ಏನ ಇಟ್ಟಂಗಿ ಅಂತ ತಿಳದೀಯೇನಲೇ? ಪುಡಿ ಆಗಿ ಮುಟ್ಟತಾವ," ಎಂದರು ಅತ್ತೆ.

"ಹಂಗಾರ ಪುಡೀನ ಕಳಸ್ರಿ ಯವ್ವಾ. ನಮ್ಮ ಹೋಳಗಿ ಹೆಂಗಿರ್ತೈತಂತ ಅವರಿಗೇನ ಗೊತ್ತು!"

ಮೂವರೂ ನಕ್ಕೆವು.

"ಟಿಕೆಟ್ ಐತಿ. ನೀನ ಹೋಗಿ ಕೊಟ್ಟು ಬಾ," ಎಂದರು ಅತ್ತೆ.

"ಮಂದಿ ಏನಂದಾರ್ರಿ ಅತ್ತಿ?"

"ಗಂಡ ಸತ್ತಾಕಿ ವಿಮಾನ ಹತ್ತಿದ್ಲು ಅಂದಾರ. ಅಂದ್ರ ವಿಮಾನ ಕೆಳಗ ಬೀಳ್ತೈತೇನು?"

ನನ್ನ ಅಂಜಿಕೆ ಮಂದಿಯದಲ್ಲ. ನವಲಗುಂದದಲ್ಲಿ ನನ್ನನ್ನು ಕಂಡರೆ ಎಲ್ಲರೂ ದನಿ ತಗ್ಗಿಸುತ್ತಾರೆ. ಕೊಲಂಬೋಗೆ ಮಾತ್ರ ಯಾರೂ ಹೇಳಿರಲಿಲ್ಲ. ಅಲ್ಲಿ ಭೀಮಶಿ ಇನ್ನೂ ಡಬ್ಬಿ ಕೊಡಬೇಕಾದವನು, ಅಕ್ಟೋಬರಿಗೆ ಬರುವವನು. ಹೋದರೆ ನಾನೇ ಹೇಳಬೇಕಾಗುತ್ತದೆ. ಹೇಳಿದರೆ ಆ ಊರಿನಲ್ಲೂ ಅವನು ಇಲ್ಲವಾಗುತ್ತಾನೆ.

ಆದರೂ ಹೋದೆ. ಅತ್ತೆ ಇಡೀ ದಿನ ಕೂತು ಹೋಳಿಗೆ ಮಾಡಿದ್ದರು.

ಪುಷ್ಪಕ್ಕ ಬಾಗಿಲಲ್ಲೇ ಇದ್ದರು. ನನ್ನ ಹೆಗಲಾಚೆ ಆಟೋದೊಳಗೆ ಬಗ್ಗಿ ನೋಡಿ, "ತಂಬಿ ಎಲ್ಲಿ?" ಎಂದರು.

"ರಜೆ ಸಿಗಲಿಲ್ಲ," ಎಂದೆ.

ಅಷ್ಟು ಸಲೀಸಾಗಿ ಬಂತು. ಡಬ್ಬಿ ತೆಗೆದು ಚಾಚಿದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಕ್ಕರು. "ಊಹೂಂ. ಮಾತು ಕೊಟ್ಟವನು ಯಾರು? ಅವನೇ ತರಲಿ. ನಿನ್ನ ಕೈಯಿಂದ ತೆಗೆದುಕೊಂಡರೆ ಅವನು ಇನ್ನು ಈ ಕಡೆ ಬರುತ್ತಾನಾ?"

ಡಬ್ಬಿ ಮಹಡಿಯ ಕೋಣೆಯಲ್ಲಿ ಉಳಿಯಿತು.

ಎರಡು ದಿನ ನಾನು ಊರು ಸುತ್ತಿದೆ. ಗಾಲ್ ಫೇಸಿನ ಕಡಲ ದಂಡೆಯಲ್ಲಿ ಗಾಳಿಪಟ ನೋಡಿದೆ. ಕೆರೆಯ ಪಕ್ಕದ ಬೌದ್ಧ ವಿಹಾರದಲ್ಲಿ ಅತ್ತೆ ಹೇಳಿದ್ದಂತೆ ದೀಪ ಹಚ್ಚಿದೆ. ಬಸ್ಸಿನಲ್ಲಿ ಕಂಡಕ್ಟರನ ಹಿಂದಿನ ಸೀಟು ಹಿಡಿದು ಕೂತೆ. ಈಗ ಊರಿನಲ್ಲಿ ಭೀಮಶಿಯ ಬಸ್ಸು ಕುಸುಗಲ್ಲ ದಾಟಿರಬೇಕು, ಫಕೀರೇಶ ಚಹಾಕ್ಕೆ ನಿಲ್ಲಿಸಿರಬೇಕು ಎಂದುಕೊಂಡೆ. ತಿಂಗಳುಗಳ ನಂತರ ಹೊಟ್ಟೆ ತುಂಬ ಉಂಡೆ.

ಸಂಜೆ ಪುಷ್ಪಕ್ಕ ಕೇಳುತ್ತಿದ್ದರು. "ತಂಬಿ ಊಟ ಮಾಡಿದನಾ?"

"ಮಾಡಿದರು."

"ಫೋನ್ ಹಚ್ಚು, ನಾನು ಬೈಯಬೇಕು."

"ಡ್ಯೂಟಿಯಲ್ಲಿದ್ದಾರೆ."

ಎರಡನೆಯ ಸಂಜೆಯೂ ಕೇಳಿದರು. "ಇನ್ನೂ ಡ್ಯೂಟಿಯಾ? ಪಾಪ, ಎಷ್ಟು ದುಡಿಸುತ್ತಾರೆ!" ಎಂದು ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದರು. ಅದನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮೂರನೆಯ ದಿನ ಬೆಳಿಗ್ಗೆ ಅತ್ತೆಯ ಫೋನು ಬಂತು. "ಡಬ್ಬಿ ಕೊಟ್ಟಿಯೇನವಾ?"

"ಇಲ್ರಿ. ನಿಮ್ಮ ಮಗಗ ರಜಾ ಸಿಗಲಿಲ್ಲಂತ ಹೇಳೇನ್ರಿ."

ಬೈಯುತ್ತಾರೆ ಎಂದುಕೊಂಡೆ.

"ಹ್ವಾದ ತಿಂಗಳ ಮೊರಬದ ಸಂತ್ಯಾಗ ಬಳಿಗಾರ ಮೀರಾಸಾಬ ಕೇಳಿದ್ನವಾ, ಮಗ ಹೆಂಗದಾನಂತ. ಪಾಪ, ಅಂವಗ ಗೊತ್ತಿದ್ದಿಲ್ಲ. ಆರಾಮದಾನ ಅಂದೆ. ಸಂತಿ ಮುಗಿಯೂತನಾ ಅಗದಿ ಹಗೂರ ಇತ್ತು ನನಗ." ಅತ್ತೆ ಉಸಿರು ತೆಗೆದುಕೊಂಡರು. "ಬಸ್ ಹತ್ತಿದ ಮ್ಯಾಲ ತಡಕೊಳ್ಳಾಕ ಆಗಲಿಲ್ಲ. ನನ್ನ ಮಗನ ಸಲುವಾಗಿ ಒಬ್ಬಂವ ಅಳಾಂವ ಇದ್ದ, ಅವನ್ನೂ ನಾ ಅಳಗೊಡಲಿಲ್ಲ ಅನ್ನಿಸ್ತು. ಮುಂದಿನ ಸಂತಿಗೆ ಹೋಗಿ ಹೇಳಿ ಬಂದೆ."

"ಏನಂದ್ನರಿ?"

"ಏನಂತಾನ? ಬಳಿ ಗಂಟು ಬಿಟ್ಟು ಬಾಜೂಕ ಬಂದು ಕುಂತ."

ಫೋನು ಇಟ್ಟು, ಡಬ್ಬಿ ತೆಗೆದುಕೊಂಡು ಕೆಳಗಿಳಿದೆ. ಪುಷ್ಪಕ್ಕ ಅಡುಗೆಮನೆಯಲ್ಲಿ ಕೊಬ್ಬರಿ ತುರಿಯುತ್ತಿದ್ದರು. ಪ್ರಯಾಣಕ್ಕೆಂದು ಬೇರೆ ಡಬ್ಬಿಯೊಂದನ್ನು ತೊಳೆದು ಬೋರಲು ಹಾಕಿದ್ದರು. ನಾನು ಎದುರಿಗೆ ನೆಲದ ಮೇಲೆ ಕೂತೆ.

"ಅಕ್ಕಾ, ರಜೆಯ ಮಾತು ಸುಳ್ಳು. ಭೀಮಶಿ ಜೂನಿನಲ್ಲಿ ತೀರಿಕೊಂಡರು."

ಇಂಗ್ಲಿಷಿನಲ್ಲಿ ಹೇಳಿದೆ, ನಿಧಾನವಾಗಿ, ಒಂದೇ ಸಲ. ಅವರ ಕೈ ನಿಂತಿತು. ಡ್ಯೂಟಿಯ ಮಾತು, ಊಟದ ಮಾತು ಒಂದೊಂದಾಗಿ ನೆನಪಾಗುತ್ತಿರುವುದು ಮುಖದಲ್ಲಿ ಕಂಡಿತು. ಸೆರಗಿನಿಂದ ಮೊದಲು ನನ್ನ ಮುಖ ಒರೆಸಿದರು. ಆಗಲೇ ನಾನು ಅಳುತ್ತಿದ್ದೇನೆಂದು ನನಗೆ ತಿಳಿದದ್ದು. ಜೂನಿನಿಂದ ಅತ್ತಿರಲಿಲ್ಲ. ಆಮೇಲೆ ಅವರೂ ಅತ್ತರು, "ತಂಬಿ, ತಂಬಿ" ಎಂದು, ಮನೆಯ ಹುಡುಗನಿಗೆ ಅಳುವಂತೆ.

"ಒಳಗೆ ಏನಿದೆ?" ಎಂದರು ಕೊನೆಗೆ, ನನ್ನ ಮಡಿಲಲ್ಲಿದ್ದ ಡಬ್ಬಿ ನೋಡಿ.

"ಶೇಂಗಾ ಹೋಳಿಗೆ. ಅವರವ್ವ ಮಾಡಿದ್ದು."

ಅವರು ಕೈಗಂಟಿದ ಕೊಬ್ಬರಿ ತೊಳೆದುಕೊಂಡು ಬಂದು ಎರಡೂ ಕೈ ಚಾಚಿದರು. ನಾನು ಡಬ್ಬಿ ಕೊಟ್ಟೆ.